ಹಳ್ಳದ ತಿರುವು

ಸರ್ವೇಯರ್ ಅಳತೆ ಯಂತ್ರದ ಪೆಟ್ಟಿಗೆ ತೆರೆದಾಗ, ಅಪ್ಪ ಬಂಡಿಯ ಅಚ್ಚಿಗೆ ಹಚ್ಚುತ್ತಿದ್ದ ಎಣ್ಣೆಯದೇ ವಾಸನೆ ಬಂತು. ಪರಿಚಿತ ವಾಸನೆಯಾದರೂ ಪೀರಮ್ಮನ ಹೆದರಿಕೆ ಕಳೆಯಲಿಲ್ಲ. ಅವಳ ಹೊಲ ಕಾಲುವೆಗೆ ಹೋಗಲಿತ್ತು. ಸರ್ವೇಯರ್ ಕರಿಬಸಯ್ಯ ನಕ್ಷೆಯ ಗಡಿಗುಂಟ ಯಂತ್ರದ ಸೂಜಿ ನಡೆಸಿದ. ಸುತ್ತು ಮುಗಿದಾಗ ಅದರ ಪುಟ್ಟ ಗಾಲಿ ಎಷ್ಟು ಎಕರೆ ತೋರಿಸುತ್ತದೋ ಅಷ್ಟೇ ಬದಲಿ ಭೂಮಿ.

ಹಳ್ಳದ ಬಳಿ ಗೆರೆ ಬಾಗಿತ್ತು. ಸೂಜಿ ಬಾಗದೆ ನೆಟ್ಟಗೆ ಹೋಗಿ ತಿರುವಿನ ನೆಲವನ್ನು ಹೊರಗೆ ಬಿಟ್ಟಿತು.

“ಸಾಹೇಬ್ರ, ಎಳ್ಳಮಾಸಿಗೆ ಭೂತಾಯಿಗೆ ಎಡಿ ಅಂತ ನನ್ನ ಹೊಲದ ತುಂಬ ಚರಗ ಚೆಲ್ಲುವಾಗ ನಾ ಆ ತಿರುವಿನಾಗೂ ಹೋಗ್ತೀನ್ರಿ,” ಎಂದವಳೇ ಬೈಗುಳಕ್ಕೆ ಕಾದು ಕಣ್ಣು ಮುಚ್ಚಿದಳು.

“ಖರೇ ಐತಿ ಯವ್ವಾ. ಮುಂಜಾನಿಂದ ಉಂಡಿಲ್ಲ, ತಿರುವು ಕಣ್ಣಿಗೆ ಬೀಳಲಿಲ್ಲ. ಮತ್ತ ಮೊದಲಿಂದ ಸೂಜಿ ಸುತ್ತಸತೀನಿ.”

ಪೀರಮ್ಮ ಕಣ್ಣು ತೆರೆದಳು. ಬುತ್ತಿಯ ಗಂಟು ಬಿಚ್ಚಿ, ಪುಂಡಿಪಲ್ಲೆ ಹಚ್ಚಿದ ಸಜ್ಜಿ ರೊಟ್ಟಿಯನ್ನು ಅವನ ಕೈಗಿಟ್ಟಳು.