ನೂರಕ್ಕೆ ಮೂರು ಜನ

“ಇದು ಎಸೆದಿದ್ದಲ್ಲ, ಕೂತು ಬರೆದಿದ್ದು,” ಎಂದು ಲಿಂಡ್‌ಕ್ವಿಸ್ಟ್ ಮೇಷ್ಟರು ಹಾಳೆಯನ್ನು ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದರು.

ಎದುರಿಗೆ ಕುಳಿತಿದ್ದ ಟ್ವೈಲಾ ಕೋಸ್ಕಿಗೆ ನಲವತ್ತೊಂದು ವರ್ಷ. ಹಗಲು ವೃದ್ಧಾಶ್ರಮದಲ್ಲಿ ಆಯಾ ಕೆಲಸ, ಸಂಜೆ ಡುಲೂತ್‌ನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಪಾಠ. ಇದೊಂದು ಪಾಸಾದರೆ ನರ್ಸಿಂಗ್ ಸೀಟು ಸಿಕ್ಕಂತೆ. ನಾಣ್ಯವನ್ನು ನೂರು ಸಲ ಚಿಮ್ಮಿ, ಬಿದ್ದದ್ದು ಹೆಡ್ಡೋ ಟೇಲೋ ಎಂದು ಬರೆದು ತರುವುದು ಈ ವಾರದ ಹೋಂವರ್ಕ್.

ಎಸೆಯದೆ ಬರೆದು ತರುವ ಸೋಮಾರಿಗಳನ್ನು ಹಿಡಿಯುವುದು ಮೇಷ್ಟರಿಗೆ ನೀರು ಕುಡಿದಷ್ಟು ಸುಲಭ. ನಿಜವಾಗಿ ಎಸೆದರೆ ಎಲ್ಲಾದರೂ ಒಂದು ಕಡೆ ಐದು ಹೆಡ್ಡೋ ಐದು ಟೇಲೋ ಸಾಲಾಗಿ ಬಿದ್ದಿರುತ್ತವೆ. ಸುಳ್ಳು ಬರೆಯುವವನ ಕೈ ಮಾತ್ರ ಅಷ್ಟು ದೂರ ಹೋಗಲು ಹೆದರುತ್ತದೆ. ಟ್ವೈಲಾಳ ಹಾಳೆಯಲ್ಲಿ ನಾಲ್ಕಕ್ಕಿಂತ ಉದ್ದದ ಸಾಲು ಒಂದೂ ಇರಲಿಲ್ಲ.

“ಎಸ್ದಿದೀನಿ ಸರ್. ಲಾಂಡ್ರಿಯಲ್ಲಿ ಬಟ್ಟೆ ಒಣಗೋವರ್ಗೂ ಎಸ್ದೆ. ನಾಣ್ಯ ಎರಡು ಸಲ ಮಷಿನ್ ಕೆಳಗೆ ಉರುಳೋಯ್ತು, ಮಂಡಿಯೂರಿ ತೆಗ್ದೆ.”

“ಎಲ್ರೂ ಒಂದೊಂದು ಕಥೆ ಹೇಳ್ತಾರಮ್ಮ. ಒಪ್ಕೊಂಡ್ಬಿಡಿ. ಈ ಹೋಂವರ್ಕಿಗೆ ಸೊನ್ನೆ ಹಾಕಿ ಇಲ್ಲಿಗೇ ಬಿಡ್ತೀನಿ. ಇಲ್ಲಾಂದ್ರೆ ಡೀನ್ ಹತ್ರ ಹೋಗತ್ತೆ.”

ಡೀನ್ ಹತ್ತಿರ ಹೋದರೆ ಮೋಸಗಾರ್ತಿ ಎಂಬ ಹಣೆಪಟ್ಟಿ. ನರ್ಸಿಂಗ್ ಸೀಟಿಗೆ ಎಳ್ಳುನೀರು ಬಿಟ್ಟಂತೆಯೇ. ಅದು ಇಬ್ಬರಿಗೂ ಗೊತ್ತಿತ್ತು. ಟ್ವೈಲಾಳಿಗೆ ಅಳುವೇ ಬಂದುಬಿಟ್ಟಿತ್ತು.

“ಮಾಡ್ದೇ ಇರೋದನ್ನ ಮಾಡ್ದೆ ಅಂತ ಹೆಂಗ್ ಹೇಳ್ಲಿ? ನಿಜವಾಗ್ಲೂ ಎಸ್ದೋರ್ಗೆ ಹಿಂಗೆ ಬರೋದೇ ಇಲ್ವಾ?”

“ಬರತ್ತೆ, ಯಾಕ್ ಬರಲ್ಲ? ನೂರಕ್ಕೆ ಮೂರು ಜನಕ್ಕೆ!” ಮೇಷ್ಟರು ನಕ್ಕು, ದೂರಿನ ಫಾರಂ ತುಂಬಲು ಪೆನ್ನು ತೆಗೆದರು. “ಹತ್ತೊಂಬತ್ತು ವರ್ಷದಿಂದ ಹಿಡೀತಾ ಇದೀನಿ. ಒಂದ್ಸಲಾನೂ ತಪ್ಪಿಲ್ಲ. ಕೊನೆಗೆ ಎಲ್ರೂ ಒಪ್ಕೊಂಡಿದಾರೆ.”

ಟ್ವೈಲಾ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು. ಆಮೇಲೆ ನಿಧಾನವಾಗಿ ಕೇಳಿದಳು: “ನಮ್ಮ ಕ್ಲಾಸಲ್ಲಿ ಮೂವತ್ನಾಲ್ಕು ಜನ ಇದೀವಿ. ಎಲ್ರೂ ನಿಯತ್ತಾಗಿ ಎಸ್ದಿದ್ರೂ ಒಬ್ರಿಗೆ ಹಿಂಗೆ ಬರ್ಬೇಕಲ್ಲ ಸರ್, ನಿಮ್ಮ ಲೆಕ್ಕದಲ್ಲೇ?”

ಮೇಷ್ಟರ ಪೆನ್ನು ನಿಂತಿತು. ಮೂವತ್ನಾಲ್ಕನ್ನು ಮೂರರಿಂದ ಗುಣಿಸಿ ನೂರರಿಂದ ಭಾಗಿಸಲು ಅವರಿಗೆ ಕಾಗದವೇನೂ ಬೇಕಿರಲಿಲ್ಲ. ಹೆಚ್ಚುಕಡಿಮೆ ಒಬ್ಬರು. ಪ್ರತಿ ಕ್ಲಾಸಿಗೂ ಒಬ್ಬರು. ಆ ನೂರಕ್ಕೆ ಮೂರನ್ನು ವರ್ಷವರ್ಷವೂ ಹಲಗೆಯ ಮೇಲೆ ಬರೆದವರು, ಎದುರಿಗೆ ಕೂತವರನ್ನು ಮಾತ್ರ ಒಮ್ಮೆಯೂ ಎಣಿಸಿರಲಿಲ್ಲ. ಫಾರಂ ಹರಿದು ಬುಟ್ಟಿಗೆ ಹಾಕಿದರು.

“ತಪ್ಪಾಯ್ತಮ್ಮ,” ಎಂದರು. ಆದರೂ ಮನಸ್ಸು ತಡೆಯಲಿಲ್ಲ. “ಆದ್ರೆ ಅವ್ರೆಲ್ಲ ಒಪ್ಕೊಂಡಿದ್ರಲ್ಲ...”

ಟ್ವೈಲಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲ ಬಳಿ ನಿಂತಳು.

“ಒಪ್ಕೊಂಡ್ರೆ ಬರೀ ಒಂದು ಸೊನ್ನೆ, ಇಲ್ಲಾಂದ್ರೆ ಸೀಟೇ ಹೋಗತ್ತೆ. ಇನ್ನೈದು ನಿಮಿಷ ಕೂರ್ಸಿದ್ರೆ ನಾನೂ ಒಪ್ಕೊಂಡುಬಿಡ್ತಿದ್ದೆ ಸರ್.”