ಸಿಕ್ವೇರಾ ಅವರ ಕಾಗದಗಳು

ವಿಶ್ವವಿದ್ಯಾಲಯದ ಬರೋಕ್ ಸಂಗೀತೋತ್ಸವದಲ್ಲಿ ಬೆಳಿಗ್ಗೆ ವಿದ್ವಾಂಸರ ಉಪನ್ಯಾಸ, ಸಂಜೆ ಕಛೇರಿ. ಮೂರು ಶತಮಾನದ ಹಿಂದಿನ ಯುರೋಪಿನ ಆ ಸಂಗೀತದ ಬಗ್ಗೆ ಪ್ರಾಧ್ಯಾಪಕಿ ಮಂದಾಕಿನಿ ಲೇಖನ ಬರೆದಾಗಲೆಲ್ಲ ಜೆ. ಸಿಕ್ವೇರಾ ಎನ್ನುವವರಿಂದ ಕಾಗದ ಬರುತ್ತಿತ್ತು. ಅದರ ತುಂಬ ಅವಳ ತಪ್ಪುಗಳು. ಅವು ನಿಜವಾಗಿಯೂ ತಪ್ಪುಗಳೇ ಆಗಿರುತ್ತಿದ್ದುದು ಅವಳ ಸಂಕಟ. ಈ ಸಲದ ಕಾಗದದಲ್ಲಿ ಒಂದೇ ಮಾತಿತ್ತು: 'ಉತ್ಸವಕ್ಕೆ ಮಂಗಳೂರಿನಿಂದ ಬರುತ್ತಿದ್ದೇನೆ, ನಿಮ್ಮ ಉಪನ್ಯಾಸಕ್ಕೆ ಮೊದಲ ಸಾಲಿನಲ್ಲೇ ಕೂರುತ್ತೇನೆ.'

ವೇದಿಕೆ ಹತ್ತಿದ ಕೂಡಲೇ ಅವಳು ಮೊದಲ ಸಾಲಿನತ್ತ ನೋಡಿದಳು. ಅಲ್ಲಿ ನರೆತ ಮೀಸೆಯ ಗಂಡಸೊಬ್ಬರು ತಲೆಯೆತ್ತದೆ ಅವಳ ಒಂದೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದರು. ಅವಳು ವಯೊಲಿನ್ನಿನ ಒಂದು ತುಣುಕನ್ನು ಕೇಳಿಸಿದಾಗ ಮಾತ್ರ ಅವರ ಪೆನ್ನು ನಿಂತಿತು.

ಚಪ್ಪಾಳೆ ಮುಗಿಯುವ ಮೊದಲೇ ಮಂದಾಕಿನಿ ನೇರವಾಗಿ ಅವರ ಬಳಿಗೆ ಇಳಿದು ಹೋದಳು.

“ಸಿಕ್ವೇರಾ ಅವರಲ್ವಾ? ಇವತ್ತು ಎಷ್ಟು ತಪ್ಪು ಸಿಕ್ತು, ಹೇಳಿಬಿಡಿ ಸರ್.”

ಅವರು ಗಾಬರಿಯಿಂದ ಎದ್ದು ನಿಂತರು. “ನನಗೆ ಸಂಗೀತದ ಗಂಧಗಾಳಿ ಇಲ್ಲ ಮೇಡಂ. ಚರ್ಚಿನಲ್ಲಿ ಆರ್ಗನ್ ನುಡಿಸ್ತಾ ಇದ್ದದ್ದು ನಮ್ಮ ಅಮ್ಮ. ಈಗ ಅವರಿಗೆ ಕಿವಿ ಕೇಳುದಿಲ್ಲ. ನೀವು ಹೇಳಿದ್ದನ್ನು ಅವರಿಗೆ ಓದ್ಲಿಕ್ಕೆ ಬರೆದು ಕೊಡ್ತಾ ಇದ್ದೆ.”

ಪಕ್ಕದ ಕುರ್ಚಿಯಲ್ಲಿದ್ದ, ಎಂಬತ್ತು ದಾಟಿದ ಅಜ್ಜಿ ಕೊನೆಯ ಹಾಳೆಯನ್ನು ಓದಿ ಮುಗಿಸಿ, ಕನ್ನಡಕ ತೆಗೆದು, ಮಂದಾಕಿನಿಯ ಕೈ ಹಿಡಿದುಕೊಂಡರು.

“ಈ ಸಲ ಒಂದೇ ತಪ್ಪುಂಟು ಮಗಾ, ಅದೂ ಇವ ಬರೆಯುವಾಗ ಮಾಡಿದ್ದೇ ಇರ್ಬೇಕು.”