ಸೀತಾಳೆ ಹೂವು

ರುಬ್ಬುವ ಕಲ್ಲನ್ನು ಪಕ್ಕಕ್ಕೆ ಹೊರಳಿಸಿ, ಎಸ್ಟೇಟಿನ ದೊರೆಯ ಬಂಗಲೆಯಿಂದ ತಂದಿದ್ದ ಹಳೆಯ ಪೇಪರುಗಳ ಕಟ್ಟನ್ನು ದೇವೀರಮ್ಮ ಬಿಚ್ಚಿದಳು. ಒಳಗೆ ಏನೂ ಇರಲಿಲ್ಲ! ಮದರಾಸು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪರೀಕ್ಷೆಗೆ ಒಪ್ಪಿಸಲೆಂದು ರಜೆಯ ಮೊದಲ ವಾರವೇ ಒಣಗಲು ಇಟ್ಟಿದ್ದ, ಮರಗಳ ಮೇಲೆ ಬೆಳೆಯುವ ಸೀತಾಳೆ ಗಿಡ ಮಾಯವಾಗಿತ್ತು. ರಜೆ ಮುಗಿದಿತ್ತು; ಇನ್ನರ್ಧ ಗಂಟೆಯಲ್ಲಿ ಕಾಲೇಜಿಗೆ ಮರಳುವ ಬಸ್ಸು.

"ಚೋಮೀ, ನನ್ನ ಗಿಡ ಎಲ್ಲಿ?"

ಪಾಲಿಬೆಟ್ಟದ ಆ ಎಸ್ಟೇಟಿನ ನರ್ಸರಿಯಲ್ಲಿ ಕಾಫಿ ಸಸಿ ಸಾಕಿಯೇ ಕೂದಲು ನರೆತಿದ್ದ, ದೇವೀರಮ್ಮನ ಮನೆಗೆಲಸಕ್ಕೂ ಬರುತ್ತಿದ್ದ ಚೋಮಿ ಒಂಚೂರೂ ಅಳುಕಲಿಲ್ಲ. "ಎರಡು ದಿನ ಆದ್ರೂ ಎಲೆ ಹಸಿರಾಗೇ ಇತ್ತು ಕಣವ್ವ. ಜೀವ ಇರೋದನ್ನ ಕಲ್ಲಿನಡಿ ಹೆಂಗೆ ಬಿಡ್ಲಿ?" ಎಂದವಳೇ ಕೈಹಿಡಿದು ಹಿತ್ತಲಿಗೆ ಎಳೆದೊಯ್ದಳು.

ಹಲಸಿನ ಮರದ ಕವಲಿಗೆ ಬಾಳೆನಾರಿನಿಂದ ಕಟ್ಟಿದ್ದ ಆ ಗಿಡದಿಂದ, ಒತ್ತಾಗಿ ಕಟ್ಟಿದ ದಂಡೆಗಳಂತೆ ಎರಡು ಹೂಗೊಂಚಲು ಇಳಿಬಿದ್ದಿದ್ದವು. ದೇವೀರಮ್ಮನ ಸಿಟ್ಟು ಎಲ್ಲಿ ಹೋಯಿತೋ! ಹೂವಿಲ್ಲದ ಗಿಡ ಒಪ್ಪುವುದಿಲ್ಲವೆಂದು ಮೇಷ್ಟ್ರು ಹೇಳಿದ್ದರೂ, ಹೂವು ಸಿಗದೆ ಬರೀ ಎಲೆಯನ್ನೇ ಒಣಗಿಸಲು ಹೊರಟಿದ್ದಳು ಅವಳು. ಕತ್ತರಿ ತೆಗೆದಳು, ಚೋಮಿಯ ಮುಖ ನೋಡಿ ಕೈ ತಡೆಯಿತು.

ಚೋಮಿ ನಕ್ಕು ತಾನೇ ಎರಡೂ ಗೊಂಚಲು ಮುರಿದಳು. ಒಂದನ್ನು ಪೇಪರಿನ ಮೇಲೆ ಮೆಲ್ಲಗೆ ಮಲಗಿಸಿದಳು. "ಇದು ನಿಮ್ಮ ಮೇಷ್ಟ್ರಿಗೆ."

ಇನ್ನೊಂದನ್ನು ದೇವೀರಮ್ಮನ ಜಡೆಗೆ ಮುಡಿಸಿದಳು. "ಇದು ಓದೋ ಮಗಳಿಗೆ."